ರಾತ್ರಿ ಹೊತ್ತು ಸಮುದ್ರದ ಮೇಲೆ ಸಣ್ಣ ವಿಮಾನ: ನಮ್ಮ ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಲಗೇರಿ ಏರ್‌ಪೋರ್ಟ್ ವಿಷಯ ಪೇಪರಲ್ಲಿ ಬಂದಾಗೆಲ್ಲ ಕಾರವಾರ, ಅಂಕೋಲಾ, ಕುಮಟಾ ಕಡೆ ಹುಡುಗರು ಪೈಲಟ್ ಆಗೋದು ಹೇಗೆ ಅಂತ ಕೇಳ್ಲಿಕ್ಕೆ ಶುರು ಮಾಡ್ತಾರೆ, ಅವರ ಹಿಂದೆ ಅಪ್ಪ ಅಮ್ಮ ಬಂದು ಅದೆಲ್ಲ ಡೇಂಜರ್ ಅಲ್ವಾ ಅಂತ ಕೇಳ್ತಾರೆ. ಮಾತಾಡ್ತಾ ಮಾತಾಡ್ತಾ ಕೊನೆಗೆ ಎಲ್ರೂ ಬಂದು ನಿಲ್ಲೋದು ಒಂದೇ ಕಡೆ, ರಾತ್ರಿ ಸಮುದ್ರದ ಮೇಲೆ ಹೋಗುವಾಗ ಎಂತ ಆಗ್ತದೆ ಅನ್ನೋದಕ್ಕೆ. ಒಬ್ಬೊಬ್ರಿಗೂ ಬೇರೆ ಬೇರೆ ಹೇಳೋ ಬದಲು ಎಲ್ಲ ಒಟ್ಟಿಗೆ ಇಲ್ಲಿ ಹಾಕಿದ್ದೇನೆ. ಉದ್ದ ಉಂಟು, ಬೇಕಾದ್ದು ಮಾತ್ರ ಓದಿ.

ಸಣ್ಣ ವಿಮಾನ ಅಂದ್ರೆ ಯಾವ್ದು?

ಸೆಸ್ನಾ 172, ಪೈಪರ್ ಇಂಥವು. ಒಂದೇ ಇಂಜಿನ್, ನಾಲ್ಕಾರು ಸೀಟು, ಹೆಚ್ಚಾಗಿ ಒಬ್ಬನೇ ಪೈಲಟ್. ಕೆಲವು ಕಡೆ ಕೆಳಗೆ ಡಾರ್ನಿಯರ್ 228 ಬಗ್ಗೆನೂ ಬರ್ತದೆ, ಅದಕ್ಕೆ ಎರಡು ಇಂಜಿನ್, ಹತ್ತೊಂಬತ್ತು ಸೀಟಿನ ಸೈಜು. ಕಾರವಾರದ ಟ್ಯಾಗೋರ್ ಬೀಚಲ್ಲಿ ಚಪಲ್ ಯುದ್ಧನೌಕೆ ಹತ್ರ ತಂದಿಟ್ಟಿದ್ದಾರಲ್ಲ ಟುಪೊಲೆವ್ 142, ಅದು ಈ ಲೆಕ್ಕಕ್ಕೆ ಬರೋದೇ ಇಲ್ಲ, ಅದು ಆನೆ.

ಇಂಜಿನ್ ಬಂದ್ ಬಿದ್ರೆ ಸಮುದ್ರಕ್ಕೇ ಬೀಳ್ಬೇಕು, ಅದೇ ಅಲ್ವಾ ಮೇನ್ ಅಪಾಯ?

ಎಲ್ರೂ ಮೊದಲು ಹೇಳೋದು ಇದನ್ನೇ. ಅಲ್ಲ. ಇಂಜಿನ್ ನಿಲ್ಲೋದು ಅಪಾಯ ಹೌದು, ಅದಕ್ಕೆ ಕೆಳಗೆ ಬರ್ತೇನೆ, ಆದ್ರೆ ಈ ಥರದ ಆಕ್ಸಿಡೆಂಟ್ ರಿಪೋರ್ಟ್ ಓದ್ತಾ ಹೋದ್ರೆ ಮತ್ತೆ ಮತ್ತೆ ಸಿಗೋದು ಬೇರೆ ಕಥೆ. ಇಂಜಿನ್ ಸರಿ ಇತ್ತು, ರೆಕ್ಕೆ ಸರಿ ಇತ್ತು, ಪೆಟ್ರೋಲ್ ಇತ್ತು, ಪೈಲಟ್‌ಗೆ ಆರೋಗ್ಯ ಸರಿ ಇತ್ತು, ಆದ್ರೂ ವಿಮಾನ ಸೀದಾ ನೀರಿಗೆ ಹೋಯ್ತು. ಪೈಲಟ್‌ಗೆ ತಾನು ಬೀಳ್ತಾ ಇದ್ದೇನೆ ಅಂತಲೇ ಗೊತ್ತಿರೋದಿಲ್ಲ, ನೆಟ್ಟಗೆ ಹೋಗ್ತಾ ಇದ್ದೇನೆ ಅಂತಲೇ ಅಂದುಕೊಂಡಿರ್ತಾನೆ. ಇದಕ್ಕೆ ಸ್ಪೇಷಿಯಲ್ ಡಿಸ್‌ಓರಿಯೆಂಟೇಷನ್ ಅಂತಾರೆ. ದಿಕ್ಕು ತಪ್ಪೋದು ಅಂದ್ರೆ ಸಾಲದು, ಮೇಲೆ ಯಾವ್ದು ಕೆಳಗೆ ಯಾವ್ದು ಅನ್ನೋದೇ ತಪ್ಪಿಹೋಗ್ತದೆ.

ಹಗಲು ಹೊತ್ತು ಪೈಲಟ್ ವಿಮಾನ ನೆಟ್ಟಗೆ ಇಟ್ಟುಕೊಳ್ಳೋದು ಎದುರಿಗೆ ಕಾಣೋ ದಿಗಂತ ನೋಡಿ. ರಾತ್ರಿ ಊರ ಮೇಲೆ ಹಾರಿದ್ರೆ ಕೆಳಗೆ ಲೈಟ್ ಇರ್ತದೆ, ರೋಡು ಕಾಣ್ತದೆ, ಹೇಗೋ ನಡೀತದೆ. ಸಮುದ್ರದ ಮೇಲೆ ಅಮಾವಾಸ್ಯೆ ರಾತ್ರಿ ಅಂದ್ರೆ ಮೇಲೂ ಕಪ್ಪು ಕೆಳಗೂ ಕಪ್ಪು, ಮಧ್ಯೆ ಗೆರೆನೇ ಇಲ್ಲ. ಕಣ್ಣಿಗೆ ಹಿಡ್ಕೊಳ್ಳಲಿಕ್ಕೆ ಎಂತದೂ ಸಿಗದೇ ಇದ್ದಾಗ ತಲೆ ಕಿವಿಯ ಮಾತು ಕೇಳ್ತದೆ, ಆ ಕಿವಿ ಸುಳ್ಳು ಹೇಳ್ತದೆ.

ಕಿವಿಗೂ ವಿಮಾನಕ್ಕೂ ಎಂತ ಸಂಬಂಧ ಮಾರಾಯ್ರೆ?

ಒಳಗಿವಿಯಲ್ಲಿ ಮೂರು ಅರ್ಧವೃತ್ತದ ನಾಳ ಉಂಟು, ಒಳಗೆ ದ್ರವ. ನಾವು ತಿರುಗಿದ್ರೆ ದ್ರವ ಹಿಂದೆ ಉಳೀತದೆ, ಅಲ್ಲಿರೋ ಸಣ್ಣ ಕೂದಲು ಬಾಗ್ತದೆ, ತಲೆಗೆ ತಿರುಗ್ತಾ ಇದ್ದೇನೆ ಅಂತ ಗೊತ್ತಾಗ್ತದೆ. ನೀರು ತುಂಬಿದ ಕೊಡ ಗರ್ರನೆ ತಿರುಗಿಸಿ ನೋಡಿ, ಮೊದಲು ಕೊಡ ಮಾತ್ರ ತಿರುಗ್ತದೆ ನೀರು ನಿಂತಿರ್ತದೆ, ಸ್ವಲ್ಪ ಹೊತ್ತಾದ ಮೇಲೆ ನೀರೂ ಕೊಡದ ಸ್ಪೀಡಲ್ಲೇ ತಿರುಗ್ತದೆ. ಕಿವಿಯಲ್ಲೂ ಅದೇ, ಒಂದೇ ಸಮ ತಿರುಗ್ತಾ ಇದ್ರೆ ಸುಮಾರು 20 ಸೆಕೆಂಡಲ್ಲಿ ದ್ರವ ನಾಳದ ಜೊತೆ ಸೇರಿಕೊಳ್ತದೆ, ಆಮೇಲೆ ಕಿವಿ ಹೇಳೋದು ನೀನು ನೆಟ್ಟಗಿದ್ದೀ ಅಂತ. ಇನ್ನೊಂದು, ತುಂಬಾ ನಿಧಾನಕ್ಕೆ, ಸೆಕೆಂಡಿಗೆ ಎರಡು ಡಿಗ್ರಿಗಿಂತ ಕಡಿಮೆ ವಾಲಿದ್ರೆ ಕಿವಿಗೆ ಮೊದಲಿಂದಲೇ ಗೊತ್ತಾಗೋದಿಲ್ಲ.

ಈಗ ಲೆಕ್ಕ ಹಾಕಿ. ಪೈಲಟ್ ಮ್ಯಾಪ್ ನೋಡ್ಲಿಕ್ಕೆ ತಲೆ ಬಗ್ಗಿಸಿದ, ವಿಮಾನ ಮೆಲ್ಲಗೆ ಬಲಕ್ಕೆ ವಾಲ್ತು, ಗೊತ್ತಾಗ್ಲಿಲ್ಲ. ವಾಲಿದ ವಿಮಾನದ ಮೂತಿ ಕೆಳಗೆ ಹೋಗ್ತದೆ, ಸ್ಪೀಡ್ ಏರ್ತದೆ. ತಲೆ ಎತ್ತಿ ನೋಡಿದ್ರೆ ಇಳೀತಾ ಇದ್ದೇನೆ ಅಂತ ಕಾಣ್ತದೆ, ಆದ್ರೆ ವಾಲಿದ್ದೇನೆ ಅಂತ ಮೈ ಹೇಳೋದಿಲ್ಲ, ಅದಕ್ಕೆ ಅವನು ಕಂಟ್ರೋಲ್ ಹಿಂದಕ್ಕೆ ಎಳೀತಾನೆ. ವಾಲಿರುವಾಗ ಎಳೆದ್ರೆ ವಿಮಾನ ಮೇಲೆ ಹೋಗೋದಿಲ್ಲ, ಸುತ್ತು ಇನ್ನೂ ಬಿಗಿ ಆಗ್ತದೆ. ಇದಕ್ಕೆ ಪೈಲಟ್‌ಗಳು ಗ್ರೇವ್‌ಯಾರ್ಡ್ ಸ್ಪೈರಲ್ ಅಂತಾರೆ. ಮಧ್ಯೆ ಯಾರಾದ್ರೂ ಸರಿಯಾಗಿ ನೆಟ್ಟಗೆ ಮಾಡಿದ್ರು ಅಂತಲೇ ಇಟ್ಕೊಳ್ಳಿ, ಆಗ ಕಿವಿ ಉಲ್ಟಾ ಹೇಳ್ತದೆ, ನೀನು ಎಡಕ್ಕೆ ವಾಲಿದ್ದೀ ಅಂತ, ಅವನು ಮತ್ತೆ ಬಲಕ್ಕೆ ತಿರುಗಿಸ್ತಾನೆ.

1954ರಲ್ಲಿ ಅಮೆರಿಕದ ಇಲಿನಾಯ್ ಯೂನಿವರ್ಸಿಟಿಯಲ್ಲಿ ಇದನ್ನೇ ಟೆಸ್ಟ್ ಮಾಡಿದ್ರು. ಇನ್‌ಸ್ಟ್ರುಮೆಂಟ್, ಅಂದ್ರೆ ಎದುರಿನ ಮೀಟರ್‌ಗಳನ್ನ ಮಾತ್ರ ನೋಡಿ ಹಾರಿ ಗೊತ್ತಿಲ್ಲದ 20 ಜನಕ್ಕೆ ಹೊರಗೆ ಕಾಣದ ಹಾಗೆ ಮಾಡಿ ಹಾರಿಸ್ಲಿಕ್ಕೆ ಕೊಟ್ರು. ಇಪ್ಪತ್ತಕ್ಕೆ ಇಪ್ಪತ್ತೂ ಜನ ಕಂಟ್ರೋಲ್ ಕಳ್ಕೊಂಡ್ರು, ಸರಾಸರಿ 178 ಸೆಕೆಂಡಲ್ಲಿ. ಮೂರು ನಿಮಿಷ ಕೂಡ ಪೂರ್ತಿ ಇಲ್ಲ.

ಟೇಕಾಫ್ ಆಗುವಾಗಲೂ ಹೀಗೆ ಆಗ್ತದಾ?

ಆಗ್ತದೆ, ಇದು ಬೇರೆ ಥರ. ಜೋರಾಗಿ ಸ್ಪೀಡ್ ಏರುವಾಗ ಬೆನ್ನು ಸೀಟಿಗೆ ಒತ್ತುತ್ತದಲ್ಲ, ಕತ್ತಲಲ್ಲಿ ಅದು ಮೂತಿ ಮೇಲೆದ್ದ ಹಾಗೆ ಅನ್ನಿಸ್ತದೆ. ಗೋವಾದ ದಾಬೋಳಿ ಏರ್‌ಪೋರ್ಟಲ್ಲಿ ಪಶ್ಚಿಮಕ್ಕೆ ಟೇಕಾಫ್ ಮಾಡಿದ್ರೆ ರನ್‌ವೇ ಮುಗಿದ ಕೂಡ್ಲೇ ಸಮುದ್ರ, ರನ್‌ವೇ ಲೈಟ್ ಹಿಂದೆ ಹೋದ ಕೂಡ್ಲೇ ಎದುರಿಗೆ ಕಪ್ಪು ಗೋಡೆ. ಆಗ ಹೊಸಬ ಪೈಲಟ್ ಮೂತಿ ತುಂಬಾ ಎದ್ದಿದೆ ಅಂತ ಕೆಳಗೆ ಒತ್ತಿದ್ರೆ ಮುಗೀತು, ನೀರು ಇನ್ನೂರು ಮುನ್ನೂರು ಅಡಿ ಕೆಳಗೆ ಅಷ್ಟೇ.

ಕೆನಡಿ ಮಗ ಸತ್ತಿದ್ದು ಇದರಿಂದಲೇನಾ?

ಹೌದು. 1999 ಜುಲೈ 16, ಅಮೆರಿಕದ ಅಧ್ಯಕ್ಷ ಆಗಿದ್ದ ಕೆನಡಿಯ ಮಗ ಜಾನ್ ಎಫ್ ಕೆನಡಿ ಜೂನಿಯರ್, ಜೊತೆಗೆ ಹೆಂಡತಿ ಮತ್ತೆ ಹೆಂಡತಿಯ ಅಕ್ಕ. ನ್ಯೂಜೆರ್ಸಿಯಿಂದ ರಾತ್ರಿ 8:38ಕ್ಕೆ ಪೈಪರ್ ಸಾರಟೋಗಾದಲ್ಲಿ ಹೊರಟ್ರು, ಮಾರ್ಥಾಸ್ ವಿನ್‌ಯಾರ್ಡ್ ಅನ್ನೋ ದ್ವೀಪಕ್ಕೆ. ಒಂದು ಗಂಟೆ ದಡದ ಹತ್ರ ಹತ್ರ ಲೈಟ್ ನೋಡ್ತಾ ಬಂದ್ರು, ಎಂತದೂ ತೊಂದ್ರೆ ಇಲ್ಲ. ಕೊನೆಯಲ್ಲಿ ದಡ ಬಿಟ್ಟು ಸಮುದ್ರ ದಾಟಬೇಕಿತ್ತು, ಅಲ್ಲೇ ಆಗಿದ್ದು. 9:41ರ ಹೊತ್ತಿಗೆ ನೀರಿಗೆ ಬಿತ್ತು.

ಆ ರಾತ್ರಿ ಮಳೆ ಇರ್ಲಿಲ್ಲ, ಗುಡುಗಿರ್ಲಿಲ್ಲ, ಬರೀ ಮಬ್ಬು. ರೂಲ್ಸ್ ಪ್ರಕಾರ ಹಾರಬಹುದಾದ ಹವೆ. ಅದೇ ಸಂಜೆ ಆ ಕಡೆ ಹಾರಿದ್ದ ಇನ್ನೊಬ್ಬ ಪೈಲಟ್‌ಗೆ ದ್ವೀಪದ ಲೈಟ್ ಒಂದೂ ಕಾಣದೆ ಅಲ್ಲಿ ಕರೆಂಟ್ ಹೋಗಿದೆಯೋ ಏನೋ ಅನ್ನಿಸಿತ್ತಂತೆ, ತನಿಖೆ ರಿಪೋರ್ಟಲ್ಲಿ ಉಂಟು. ರಾಡಾರ್ ರೆಕಾರ್ಡ್ ನೋಡಿದ್ರೆ ಕೊನೆ ಕೆಲವು ನಿಮಿಷ ವಿಮಾನ ಬಲಕ್ಕೆ ತಿರುಗ್ತದೆ, ಸ್ವಲ್ಪ ಏರ್ತದೆ, ಎಡಕ್ಕೆ ತಿರುಗ್ತದೆ, ಮತ್ತೆ ಬಲಕ್ಕೆ ವಾಲ್ತಾ ವಾಲ್ತಾ ನಿಮಿಷಕ್ಕೆ 4,700 ಅಡಿಗಿಂತ ಜೋರಾಗಿ ಇಳೀತದೆ. ವಿಮಾನದಲ್ಲಿ ದೋಷ ಸಿಗ್ಲಿಲ್ಲ. ರಾತ್ರಿ, ನೀರಿನ ಮೇಲೆ, ಸ್ಪೇಷಿಯಲ್ ಡಿಸ್‌ಓರಿಯೆಂಟೇಷನ್‌ನಿಂದ ಪೈಲಟ್ ಕಂಟ್ರೋಲ್ ಕಳ್ಕೊಂಡ ಅಂತ ಅಮೆರಿಕದ ಆಕ್ಸಿಡೆಂಟ್ ತನಿಖೆ ಸಂಸ್ಥೆ ಎನ್‌ಟಿಎಸ್‌ಬಿ ತೀರ್ಮಾನ, ಮಬ್ಬು ಮತ್ತೆ ಕತ್ತಲನ್ನ ಪೂರಕ ಕಾರಣ ಅಂತ ಸೇರಿಸಿದ್ರು. ಅವರ ಅನುಭವ ಸುಮಾರು 310 ಗಂಟೆ, ಇನ್‌ಸ್ಟ್ರುಮೆಂಟ್ ನೋಡಿ ಹಾರ್ಲಿಕ್ಕೆ ಬೇಕಾದ ರೇಟಿಂಗ್ ಇರ್ಲಿಲ್ಲ, ಅದರ ಕಲಿಕೆ ಅರ್ಧದಲ್ಲಿತ್ತು.

ಇದನ್ನ ಓದಿದವರು ಶ್ರೀಮಂತ ಹುಡುಗನ ಹುಚ್ಚು ಸಾಹಸ ಅಂತ ಕೈ ತೊಳ್ಕೊಳ್ತಾರೆ. ನನಗೆ ಹಾಗೆ ಅನ್ನಿಸೋದಿಲ್ಲ. ಅಂಥಾ ರಾತ್ರಿ, ಅಂಥಾ ಅನುಭವ ಇರೋ ಪೈಲಟ್‌ಗಳು ಅಂಥದೇ ಹಾರಾಟ ಎಷ್ಟೋ ಸಲ ಮಾಡಿ ಆರಾಮಾಗಿ ಇಳ್ದು ಮನೆಗೆ ಹೋಗಿದ್ದಾರೆ. ಅದಕ್ಕೇ ಇದು ಮೋಸದ ಅಪಾಯ.

ನಮ್ಮ ಕಡೆ ಸಮುದ್ರದಲ್ಲಿ ಬೋಟ್ ಲೈಟ್ ಸುಮಾರು ಇರ್ತದಲ್ಲ, ದಡದಲ್ಲಿ ಹೈವೇ ಉಂಟು, ಅದು ಸಾಕಾಗೋದಿಲ್ವಾ?

ಬೋಟ್ ಲೈಟ್ ಸಹಾಯ ಮಾಡೋದಕ್ಕಿಂತ ದಾರಿ ತಪ್ಸೋದೇ ಜಾಸ್ತಿ. ನಂಬಿಕೆ ಬರದಿದ್ರೆ ಅಮಾವಾಸ್ಯೆ ಹತ್ರ, ಮಳೆಗಾಲ ಮುಗಿದ ಮೇಲೆ ಮಾಜಾಳಿ ಬೀಚಿಗೆ ಹೋಗಿ ಪಶ್ಚಿಮಕ್ಕೆ ನೋಡಿ. ದೂರದಲ್ಲಿ ಟ್ರಾಲರ್, ಪರ್ಸೀನ್ ಬೋಟ್ ಲೈಟು ಸಾಲಾಗಿ ಇರ್ತದೆ, ಅದರ ಮೇಲೆ ನಕ್ಷತ್ರ, ಎಲ್ಲಿ ಬೋಟ್ ಮುಗೀತು ಎಲ್ಲಿ ನಕ್ಷತ್ರ ಶುರುವಾಯ್ತು ಹೇಳ್ಲಿಕ್ಕೆ ಬರೋದಿಲ್ಲ, ಕೆಲವು ಲೈಟು ಹಳದಿ ಅಂತ ಮಾತ್ರ ಬೋಟು ಅಂತ ಗುರುತು ಹಿಡೀಬೇಕು. ನೀವು ಗಟ್ಟಿ ನೆಲದ ಮೇಲೆ ಕಾಲೂರಿ ನಿಂತಿದ್ದೀರಿ, ಆದ್ರೂ ಹೀಗೆ. ವಿಮಾನದಲ್ಲಿ ಕೂತವನು ಬೋಟ್ ಲೈಟನ್ನ ನಕ್ಷತ್ರ ಅಂದುಕೊಂಡ್ರೆ ಅವನ ಲೆಕ್ಕದಲ್ಲಿ ಆಕಾಶ ಕೆಳಗಿಂದಲೇ ಶುರು, ಅಂದ್ರೆ ತಾನು ಮೂತಿ ಎತ್ತಿಕೊಂಡು ಹೋಗ್ತಾ ಇದ್ದೇನೆ ಅಂತ ಮೂತಿ ಒತ್ತುತ್ತಾನೆ. ಬೋಟುಗಳು ಓರೆಯಾಗಿ ಸಾಲು ನಿಂತಿದ್ರೆ ಅದನ್ನೇ ದಿಗಂತ ಅಂದುಕೊಂಡು ಅದಕ್ಕೆ ಸರಿಯಾಗಿ ವಿಮಾನ ವಾಲಿಸ್ತಾನೆ. ಒಂದೇ ಲೈಟು ದಿಟ್ಟಿಸಿ ನೋಡ್ತಾ ಇದ್ರೆ ಸ್ವಲ್ಪ ಹೊತ್ತಲ್ಲಿ ಅದು ತಾನೇ ಅಲ್ಲಾಡ್ಲಿಕ್ಕೆ ಶುರು ಮಾಡ್ತದೆ, ಅದು ಕಣ್ಣಿನ ಭ್ರಮೆ, ಆದ್ರೆ ಅದನ್ನ ಇನ್ನೊಂದು ವಿಮಾನ ಅಂದುಕೊಂಡು ಅದರ ಹಿಂದೆ ಹೋದವರಿದ್ದಾರೆ.

ಇನ್ನು ಜೂನ್ 1ರಿಂದ ಜುಲೈ 31 ಬೋಟ್ ಬಂದ್. ಆ ಎರಡು ತಿಂಗಳು ಸಮುದ್ರದಲ್ಲಿ ಲೈಟೂ ಇಲ್ಲ, ಬಿದ್ರೆ ಎತ್ತಲಿಕ್ಕೆ ಜನವೂ ಇಲ್ಲ, ಮೇಲಿಂದ ಮಳೆಗಾಲ. ಈ ಎರಡನೇ ವಿಷಯ ಯಾರೂ ಯೋಚನೆ ಮಾಡೋದಿಲ್ಲ.

ಹೈವೇ ವಿಷಯ. ದಡದ ಲೈಟು ಹಿಡಿದು ಹೋಗೋದು ಒಳ್ಳೇದೇ, ಆದ್ರೆ ನಮ್ಮ ಕಾರವಾರದಲ್ಲಿ ಸಹ್ಯಾದ್ರಿ ಬಂದು ಸಮುದ್ರಕ್ಕೇ ಕಾಲು ಇಳಿಬಿಟ್ಟಿದೆ. ಬಿಣಗಾ ಘಟ್ಟ, ಅರಗಾ ಕಡೆ ಗುಡ್ಡ ನೋಡಿದವರಿಗೆ ಗೊತ್ತು, ರಾತ್ರಿ ಆ ಗುಡ್ಡದ ಮೇಲೆ ಒಂದು ದೀಪ ಇಲ್ಲ. ಸಮುದ್ರದ ಕಪ್ಪಿಗೆ ಹೆದರಿ ಒಳಗೆ ತಿರುಗಿದವನಿಗೆ ಗುಡ್ಡದ ಕಪ್ಪು ಕಾದಿರ್ತದೆ.

ರನ್‌ವೇ ಲೈಟ್ ಕಾಣ್ತಾ ಇದ್ರೆ ಆಯ್ತಲ್ಲ, ನೋಡ್ಕೊಂಡು ಇಳಿದ್ರೆ ಮುಗೀತು?

ಇದಕ್ಕೂ ಒಂದು ಹೆಸರಿದೆ, ಬ್ಲಾಕ್ ಹೋಲ್ ಅಪ್ರೋಚ್. ಸಮುದ್ರದ ಕಡೆಯಿಂದ ಬರುವಾಗ ಮಧ್ಯೆ ಏನೂ ಇಲ್ಲ, ದೂರದಲ್ಲಿ ರನ್‌ವೇ ಲೈಟು ಮಾತ್ರ. ಹಾಗಿರುವಾಗ ತಾನು ತುಂಬಾ ಎತ್ತರದಲ್ಲಿದ್ದೇನೆ ಅನ್ನೋ ಭ್ರಮೆ ಬರ್ತದೆ, ಇನ್ನೂ ಇಳಿಸ್ತಾನೆ, ರನ್‌ವೇಗೆ ಮೊದಲೇ ನೀರಿಗೆ ತಾಗ್ತಾನೆ. ಆಲ್ಟಿಮೀಟರ್ ಇರ್ತದಲ್ಲ ಅಂತೀರಿ. ಅದು ಗಾಳಿ ಒತ್ತಡ ನೋಡಿ ಎತ್ತರ ಹೇಳೋ ಯಂತ್ರ, ಒತ್ತಡದ ಸೆಟ್ಟಿಂಗ್ 10 ಮಿಲಿಬಾರ್ ತಪ್ಪಿದ್ರೆ ಸುಮಾರು 300 ಅಡಿ ತಪ್ಪು ತೋರಿಸ್ತದೆ. ಹಗಲಾದ್ರೆ ಕಣ್ಣಿಗೆ ಗೊತ್ತಾಗ್ತದೆ, ರಾತ್ರಿ ನೀರಿನ ಮೇಲೆ ಗೊತ್ತಾಗೋದಿಲ್ಲ.

ಹುಣ್ಣಿಮೆ ಆದ್ರೆ?

ತುಂಬಾ ವ್ಯತ್ಯಾಸ ಉಂಟು. ಆಕಾಶ ಕ್ಲಿಯರ್ ಇದ್ದು ಹುಣ್ಣಿಮೆ ಚಂದ್ರ ಮೇಲಿದ್ರೆ ದಿಗಂತ ಚೆನ್ನಾಗೇ ಕಾಣ್ತದೆ. ಆದ್ರೆ ಮೋಡ ಬಂದ್ರೆ ಹುಣ್ಣಿಮೆನೂ ಇಲ್ಲ ಅಮಾವಾಸ್ಯೆನೂ ಇಲ್ಲ, ಎಲ್ಲ ಒಂದೇ. ಮತ್ತೆ ಕತ್ತಲಲ್ಲಿ ಮೋಡ ಎದುರಿಗೆ ಬಂದಿದ್ದು ಒಳಗೆ ಹೊಕ್ಕ ಮೇಲೇ ಗೊತ್ತಾಗೋದು.

ನಮ್ಮ ಕರಾವಳಿ ಹವೆಯಲ್ಲಿ ವಿಶೇಷ ಎಂತಾದ್ರೂ ಉಂಟಾ?

ಉಂಟು, ತೇವ. ಬಟ್ಟೆ ಒಣಗೋದಿಲ್ಲ ಅಂತ ಬೈತೀವಲ್ಲ, ಅದೇ ತೇವ ಹಳೇ ಇಂಜಿನ್‌ಗಳ ಕಾರ್ಬ್ಯುರೇಟರ್ ಒಳಗೆ ಐಸ್ ಕಟ್ಟಿಸ್ತದೆ. ಕಾರವಾರ ಸೆಕೆಗೆ ಐಸಾ ಅಂತ ನಗಬೇಡಿ. ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಆವಿಯಾಗುವಾಗ ಮತ್ತೆ ಗಾಳಿ ಇಕ್ಕಟ್ಟಲ್ಲಿ ನುಗ್ಗುವಾಗ ಟೆಂಪರೇಚರ್ ದಬಕ್ಕನೆ ಇಳೀತದೆ, ಹೊರಗೆ 25 ಡಿಗ್ರಿ ಇದ್ರೂ ಒಳಗೆ ಐಸ್ ಆಗಬಹುದು, ಅದೂ ಪವರ್ ಕಡಿಮೆ ಮಾಡಿ ಇಳಿಯುವಾಗ ಜಾಸ್ತಿ. ಅದಕ್ಕೆ ಕಾರ್ಬ್ ಹೀಟ್ ಅಂತ ಒಂದು ಕಂಟ್ರೋಲ್ ಇರ್ತದೆ, ಅದನ್ನ ಮೊದಲೇ ಎಳೀಬೇಕು, ಇಂಜಿನ್ ಕೆಮ್ಮಿದ ಮೇಲೆ ಅಲ್ಲ.

ಚಳಿಗಾಲದಲ್ಲಿ ರಾತ್ರಿ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸ್ತದೆ, ಊರ ಹೊಗೆ ಧೂಳು ಎಲ್ಲ ತೆಳುವಾಗಿ ಸಮುದ್ರದ ಮೇಲೆ ಹರಡ್ಕೊಳ್ತದೆ. ಸಿರ್ಸಿ ಕಡೆ ಮೇಲಿಂದ ನೋಡುವಾಗ ನಕ್ಷತ್ರ ಫಳಫಳ, ಎಷ್ಟು ಕ್ಲಿಯರ್ ಅನ್ನಿಸ್ತದೆ, ಘಟ್ಟ ಇಳಿದು ಸಮುದ್ರದ ಮೇಲೆ ಬಂದ್ರೆ ದಿಗಂತವೇ ನಾಪತ್ತೆ. ಮಳೆಗಾಲದ ಬಗ್ಗೆ ನಾನು ಹೇಳೋದೇ ಬೇಡ.

ಕಣ್ಣಿಗೆ ಕತ್ತಲು ಅಭ್ಯಾಸ ಆಗ್ತದಲ್ಲ?

ಆಗ್ತದೆ, ಪೂರ್ತಿ ಆಗ್ಲಿಕ್ಕೆ ಅರ್ಧ ಗಂಟೆ ಬೇಕು. ಹಿಂದಿನ ಸೀಟಲ್ಲಿ ಕೂತವರು ಸೆಲ್ಫಿ ಅಂತ ಫ್ಲ್ಯಾಶ್ ಹೊಡೆದ್ರೆ ಒಂದೇ ಸೆಕೆಂಡಲ್ಲಿ ಅದೆಲ್ಲ ಹೋಗಿ ಮತ್ತೆ ಮೊದಲಿಂದ ಶುರು. ಮತ್ತೆ ಕತ್ತಲಲ್ಲಿ ನೇರ ದಿಟ್ಟಿಸಿದ್ರೆ ಮಂದ ಲೈಟು ಮಾಯ ಆಗ್ತದೆ, ಯಾಕಂದ್ರೆ ಕಣ್ಣಿನ ನಡುಭಾಗಕ್ಕೆ ರಾತ್ರಿ ಶಕ್ತಿ ಇಲ್ಲ, ಸ್ವಲ್ಪ ಪಕ್ಕಕ್ಕೆ ನೋಡಬೇಕು. ಬೀಡಿ ಸಿಗರೇಟು ಸೇದಿದ್ರೆ ರಾತ್ರಿ ದೃಷ್ಟಿ ಇನ್ನೂ ಕಡಿಮೆ, ಎತ್ತರಕ್ಕೆ ಹೋದ ಹಾಗೆ ಆಕ್ಸಿಜನ್ ಕಡಿಮೆ ಆಗಿ ಮತ್ತೂ ಕಡಿಮೆ, ಅದಕ್ಕೆ ರಾತ್ರಿ 5,000 ಅಡಿ ಮೇಲೆ ಹೋದ್ರೆ ಆಕ್ಸಿಜನ್ ತಗೊಳ್ಳೋದು ಒಳ್ಳೇದು ಅಂತ ಹೇಳ್ತಾರೆ.

ಸರಿ, ಇಂಜಿನ್ ನಿಜವಾಗ್ಲೂ ಬಂದ್ ಬಿತ್ತು ಅಂತ ಇಟ್ಕೊಳ್ಳಿ. ಆಗ?

ಸಣ್ಣ ವಿಮಾನ ಕಲ್ಲಿನ ಹಾಗೆ ಬೀಳೋದಿಲ್ಲ, ತೇಲ್ತಾ ಇಳೀತದೆ. ಸೆಸ್ನಾ 172 ಆದ್ರೆ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ. 3,000 ಅಡಿಯಲ್ಲಿ ಇದ್ರೆ ನಾಲ್ಕೂವರೆ ನಾಟಿಕಲ್ ಮೈಲಿ, ಅಂದ್ರೆ 8 ಕಿಲೋಮೀಟರ್ ಚಿಲ್ಲರೆ, ಟೈಮು ನಾಲ್ಕು ನಿಮಿಷ ಸಿಕ್ಕಿದ್ರೆ ಪುಣ್ಯ. ನೇತ್ರಾಣಿ ದ್ವೀಪ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್. ನೇತ್ರಾಣಿ ಮೇಲೆ 3,000 ಅಡಿಯಲ್ಲಿ ಇಂಜಿನ್ ಹೋದ್ರೆ ಮುರುಡೇಶ್ವರದ ಗೋಪುರದ ಲೈಟು ಎದುರಿಗೇ ಕಾಣ್ತಾ ಇರ್ತದೆ, ಮುಟ್ಲಿಕ್ಕೆ ಆಗೋದಿಲ್ಲ. ಅದಕ್ಕೇ ದಾಟಲೇಬೇಕಾದ್ರೆ ದಡ ಬಿಡೋ ಮೊದಲೇ ಎತ್ತರಕ್ಕೆ ಹೋಗಿ ಅಂತಾರೆ, ಎತ್ತರ ಅಂದ್ರೆ ಬ್ಯಾಂಕಲ್ಲಿಟ್ಟ ದುಡ್ಡು.

ನೀರಿಗೆ ಇಳಿಸೋದು ಹಗಲಲ್ಲಿ ಕಷ್ಟ, ರಾತ್ರಿ ಬಹಳ ಕಷ್ಟ. ಅಲೆಯ ಸಾಲಿಗೆ ಅಡ್ಡ ಹೊಡೆದ್ರೆ ಗೋಡೆಗೆ ಹೊಡೆದ ಹಾಗೆ, ಅಲೆಗೆ ಸಮಾನಾಂತರ ಇಳಿಸ್ಬೇಕು, ಆದ್ರೆ ಅಲೆ ಯಾವ ಕಡೆ ಅಂತ ಕತ್ತಲಲ್ಲಿ ಕಾಣ್ಬೇಕಲ್ಲ. ಪೈಲಟ್‌ಗಳಲ್ಲಿ ಒಂದು ಹಳೇ ಜೋಕ್ ಉಂಟು, ರಾತ್ರಿ ಇಂಜಿನ್ ಹೋದ್ರೆ ಕೊನೆಯಲ್ಲಿ ಲ್ಯಾಂಡಿಂಗ್ ಲೈಟ್ ಹಾಕು, ಕಂಡಿದ್ದು ಇಷ್ಟ ಆಗ್ಲಿಲ್ವಾ ಆಫ್ ಮಾಡು.

ಚಕ್ರ ಒಳಗೆ ಹೋಗದ ವಿಮಾನ ಆದ್ರೆ ಚಕ್ರ ಮೊದಲು ನೀರಿಗೆ ಸಿಕ್ಕಿ ವಿಮಾನ ಪಲ್ಟಿ ಹೊಡೆಯೋ ಸಾಧ್ಯತೆ ಜಾಸ್ತಿ. ಈಗ ನೀವು ತಲೆಕೆಳಗಾಗಿ ಬೆಲ್ಟಲ್ಲಿ ನೇತಾಡ್ತಾ ಇದ್ದೀರಿ, ಕತ್ತಲು, ಮೂಗಿಗೆ ಉಪ್ಪು ನೀರು. ಬೆಲ್ಟ್ ಬಿಚ್ಚಿದ್ರೆ ತೇಲಿ ಎಲ್ಲಿ ಹೋಗ್ತೀರೋ ಗೊತ್ತಾಗೋದಿಲ್ಲ, ಬಾಗಿಲು ಎಡಕ್ಕಿತ್ತಾ ಬಲಕ್ಕಿತ್ತಾ ಮರೆತು ಹೋಗ್ತದೆ. ಅದಕ್ಕೆ ಟ್ರೇನಿಂಗಲ್ಲಿ ಹೇಳಿಕೊಡೋದು, ಇಳಿಯೋ ಮೊದಲೇ ಬಾಗಿಲ ಲ್ಯಾಚ್ ತೆಗೆದಿಡಿ, ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಗಟ್ಟಿ ಹಿಡೀರಿ, ಎಲ್ಲ ಅಲ್ಲಾಟ ನಿಂತ ಮೇಲೆ ಇನ್ನೊಂದು ಕೈಯಲ್ಲಿ ಬೆಲ್ಟ್ ಬಿಚ್ಚಿ, ಹಿಡಿದ ಕೈ ಬಿಡದೇ ಆ ಕಡೆಗೇ ಹೊರಗೆ ಬನ್ನಿ. ನಮ್ಮ ಸಮುದ್ರದ ಹುಡುಗರಿಗೆ ಈಜು ಬರ್ತದೆ ನಿಜ, ಇದು ಈಜಿನ ವಿಷಯ ಅಲ್ಲ.

ಸಮುದ್ರದ ಮೇಲೆ ಹೋದ ಕೂಡ್ಲೇ ಇಂಜಿನ್ ಸೌಂಡ್ ಚೇಂಜ್ ಆಗ್ತದೆ ಅಂತಾರೆ, ಹೌದಾ?

ಹ್ಹ ಹ್ಹ, ಹೌದು, ಇದಕ್ಕೆ ಆಟೋಮ್ಯಾಟಿಕ್ ರಫ್ ಅಂತ ತಮಾಷೆಗೆ ಹೇಳ್ತಾರೆ. ದಡ ದಾಟಿದ ಕೂಡ್ಲೇ ಇಂಜಿನ್ ಗೊರಗೊರ ಅಂದ ಹಾಗೆ ಅನ್ನಿಸ್ಲಿಕ್ಕೆ ಶುರು. ಇಂಜಿನ್‌ಗೆ ಕೆಳಗೆ ನೀರಿದೆಯೋ ಗದ್ದೆ ಇದೆಯೋ ಗೊತ್ತಿಲ್ಲ, ಗೊತ್ತಿರೋದು ನಮ್ಮ ಎದೆಗೆ. ಆದ್ರೆ ಆ ಹೆದರಿಕೆಯಲ್ಲಿ ಗೇಜ್ ಮೇಲೇ ಕಣ್ಣು ನೆಟ್ಟು ಕೂತ್ರೆ ವಿಮಾನ ವಾಲಿದ್ದು ಯಾರು ನೋಡ್ತಾರೆ?

ಲೈಫ್ ಜಾಕೆಟ್ ಇದ್ರೆ ಸಾಕಲ್ಲ?

ಹಾಕ್ಕೊಂಡಿದ್ರೆ. ಸೀಟ್ ಹಿಂದೆ ಪ್ಲಾಸ್ಟಿಕ್ ಕವರಲ್ಲಿ ಮಡಚಿಟ್ಟ ಜಾಕೆಟ್ ನಾಲ್ಕು ನಿಮಿಷದಲ್ಲಿ, ಕತ್ತಲಲ್ಲಿ, ಸಣ್ಣ ಕ್ಯಾಬಿನಲ್ಲಿ ಹಾಕ್ಕೊಳ್ಳಲಿಕ್ಕೆ ಆಗೋದಿಲ್ಲ. ಹೊರಡೋ ಮೊದಲೇ ಮೈ ಮೇಲೆ ಇರ್ಬೇಕು. ಮತ್ತೆ ವಿಮಾನದ ಒಳಗೆ ಊದಿಸ್ಲೇಬಾರ್ದು. 1996 ನವೆಂಬರ್ 23ರಂದು ಹೈಜಾಕ್ ಆದ ಇಥಿಯೋಪಿಯನ್ ವಿಮಾನ ಇಂಧನ ಖಾಲಿ ಆಗಿ ಕೊಮೊರೋಸ್ ದ್ವೀಪದ ಹತ್ರ ಸಮುದ್ರಕ್ಕೆ ಇಳೀತು, 175 ಜನದಲ್ಲಿ 125 ಜನ ಹೋದ್ರು. ಅದರಲ್ಲಿ ಎಷ್ಟೋ ಜನ ಒಳಗೇ ಜಾಕೆಟ್ ಊದಿಸ್ಕೊಂಡು, ನೀರು ತುಂಬಿದಾಗ ಮೇಲಕ್ಕೆ ಚಾವಣಿಗೆ ಒತ್ತಿ ಹೋಗಿ ಬಾಗಿಲ ಹತ್ರ ಮುಳುಗಿ ಬರ್ಲಿಕ್ಕೆ ಆಗದೇ ಸತ್ತಿದ್ದು. ಅದು ದೊಡ್ಡ ಜೆಟ್, ಹಗಲು ಹೊತ್ತು, ಬೀಚ್ ಎದುರಿಗೇ. ನಮ್ಮ ಸಮುದ್ರದ ನೀರು ಬೆಚ್ಚಗಿರ್ತದೆ, ಅಟ್ಲಾಂಟಿಕ್ ಥರ ಬೇಗ ಚಳಿಗೆ ಮರಗಟ್ಟಿ ಸಾಯೋದಿಲ್ಲ, ಅದೊಂದು ನಮಗೆ ಲಾಭ. ಜಾಕೆಟ್ ಇದ್ರೆ ಬೆಳಗಿನ ತನಕ ತಡೀಬಹುದು.

ಬಿದ್ದವರನ್ನ ಹುಡುಕೋದು ಹೇಗೆ?

ವಿಮಾನದಲ್ಲಿ ಇಎಲ್‌ಟಿ ಅಂತ ಒಂದು ಪೆಟ್ಟಿಗೆ ಇರ್ತದೆ, ಹೊಡೆತ ಬಿದ್ರೆ 406 ಮೆಗಾಹರ್ಟ್ಸಲ್ಲಿ ಸಿಗ್ನಲ್ ಕಳಿಸ್ತದೆ, ಅದನ್ನ ಸ್ಯಾಟಲೈಟ್ ಹಿಡೀತದೆ. ಭಾರತದ ಮಿಷನ್ ಕಂಟ್ರೋಲ್ ಸೆಂಟರ್ ಇರೋದು ನಮ್ಮ ಬೆಂಗಳೂರಲ್ಲೇ, ಇಸ್ರೋದ ಇಸ್ಟ್ರಾಕಲ್ಲಿ. ಆದ್ರೆ ನೀರಿನೊಳಗೆ ಮುಳುಗಿದ ಇಎಲ್‌ಟಿಯ ಸಿಗ್ನಲ್ ಮೇಲೆ ಬರೋದಿಲ್ಲ, ವಿಮಾನ ಮುಳುಗಿದ್ರೆ ಅದೂ ಮುಳುಗಿತು. ಅದಕ್ಕೆ ಮೈ ಮೇಲೆ ಕಟ್ಟಿಕೊಳ್ಳೋ ಸಣ್ಣ ಬೀಕನ್ ಬೇಕು, ಪಿಎಲ್‌ಬಿ ಅಂತಾರೆ.

2015 ಮಾರ್ಚ್ 24ರ ರಾತ್ರಿ ನೌಕಾಪಡೆಯ ಡಾರ್ನಿಯರ್ ಟ್ರೇನಿಂಗ್ ಹಾರಾಟದಲ್ಲಿ ಗೋವಾದ ನೈರುತ್ಯಕ್ಕೆ ಸಮುದ್ರಕ್ಕೆ ಬಿತ್ತು. ಮೂರು ಜನ ಇದ್ರು. ಒಬ್ರನ್ನ ಮೀನುಗಾರಿಕೆ ಬೋಟಿನವರು ಎತ್ತಿ ಉಳಿಸಿದ್ರು. ಲೆಫ್ಟಿನೆಂಟ್ ಅಭಿನವ್ ನಾಗೋರಿ ಮತ್ತೆ ಲೆಫ್ಟಿನೆಂಟ್ ಕಿರಣ್ ಶೇಖಾವತ್ ತೀರಿಕೊಂಡ್ರು. ನೀರಿನಡಿ ವಿಮಾನ ಪತ್ತೆ ಮಾಡಿದ್ದು ನಮ್ಮ ಕಾರವಾರದಲ್ಲೇ ನೆಲೆ ಇರೋ ಸರ್ವೆ ಹಡಗು ಐಎನ್‌ಎಸ್ ಮಕರ್, ಸೋನಾರ್ ಹಾಕಿ. ಅದೇ ವರ್ಷ ಜೂನ್ 8ರ ರಾತ್ರಿ ಕೋಸ್ಟ್ ಗಾರ್ಡ್ ಡಾರ್ನಿಯರ್ ತಮಿಳುನಾಡು ಕರಾವಳಿಯಲ್ಲಿ ಕಾಣೆ ಆಯ್ತು, ಅದರಲ್ಲೂ ಮೂರು ಜನ, ಒಬ್ರೂ ಉಳೀಲಿಲ್ಲ. ಸಿಕ್ಕಿದ್ದು ಒಂದು ತಿಂಗಳ ಮೇಲೆ, ಸುಮಾರು 950 ಮೀಟರ್ ಆಳದಲ್ಲಿ. ಎರಡೂ ಕಡೆ ಹಾರ್ತಾ ಇದ್ದಿದ್ದು ಸಮುದ್ರದ ಮೇಲೆ ಹಾರೋದೇ ಕೆಲಸ ಆಗಿರೋ ತರಬೇತಾದ ಜನ, ಹುಡುಕಲಿಕ್ಕೆ ಇಡೀ ನೌಕಾಪಡೆ, ಕೋಸ್ಟ್ ಗಾರ್ಡ್ ಇತ್ತು. ಒಬ್ಬನೇ ಹೊರಟ ಪ್ರೈವೇಟ್ ಪೈಲಟ್‌ಗೆ ಅಷ್ಟೆಲ್ಲ ಎಲ್ಲಿಂದ ಬರ್ಬೇಕು.

ಬೋಟಲ್ಲಿರೋರಿಗೆ ಒಂದು ಮಾತು, ರಾತ್ರಿ ವಿಮಾನ ಬಿದ್ದದ್ದು ಕಂಡ್ರೆ, ಅಥವಾ ತುಂಬಾ ಕೆಳಗೆ ಹೋಗಿ ಸೌಂಡ್ ನಿಂತ ಹಾಗೆ ಅನ್ನಿಸಿದ್ರೆ, ಜಿಪಿಎಸ್ ಪಾಯಿಂಟ್ ಒತ್ತಿಟ್ಟು ವಯರ್‌ಲೆಸ್ಸಲ್ಲಿ ಹೇಳಿ, ರೇಂಜ್ ಇದ್ರೆ 1554ಕ್ಕೆ ಫೋನ್ ಮಾಡಿ, ಅದು ಕೋಸ್ಟ್ ಗಾರ್ಡ್ ನಂಬರ್.

ಆ ಫುಟ್ಬಾಲ್ ಪ್ಲೇಯರ್ ಕೇಸು ಎಂತದು?

ಎಮಿಲಿಯಾನೊ ಸಾಲಾ. 2019 ಜನವರಿ 21ರ ರಾತ್ರಿ, ಫ್ರಾನ್ಸಿನ ನಾಂಟ್‌ನಿಂದ ಕಾರ್ಡಿಫ್‌ಗೆ, ಒಂದೇ ಇಂಜಿನಿನ ಪೈಪರ್ ಮಾಲಿಬು, ಇಂಗ್ಲಿಷ್ ಚಾನೆಲ್ ಸಮುದ್ರಕ್ಕೆ ಬಿತ್ತು. ಪೈಲಟ್‌ಗೆ ರಾತ್ರಿ ಹಾರೋ ರೇಟಿಂಗ್ ಇಲ್ಲ, ದುಡ್ಡು ತಗೊಂಡು ಜನ ಕೂರಿಸ್ಲಿಕ್ಕೆ ಬೇಕಾದ ಲೈಸೆನ್ಸೂ ಇಲ್ಲ. ಮೋಡ ತಪ್ಪಿಸ್ಲಿಕ್ಕೆ ಹೋಗಿ ಕಂಟ್ರೋಲ್ ಹೋಗಿರ್ಬೇಕು ಅಂತ ತನಿಖೆ ಹೇಳ್ತು. ಅದಕ್ಕಿಂತ ಹೆದರಿಕೆ ಹುಟ್ಟಿಸೋದು, ಸಾಲಾ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಮಟ್ಟ 58 ಪರ್ಸೆಂಟ್ ಇತ್ತು, ಇಂಜಿನ್ ಹೊಗೆ ಕ್ಯಾಬಿನ್ ಒಳಗೆ ಬಂದು ಪೈಲಟ್‌ಗೂ ಅಮಲು ಏರಿರ್ಬೇಕು. ವಾಸನೆ ಇಲ್ಲದ ವಿಷ ಅದು. ಸಣ್ಣ ಅಲಾರ್ಮ್ ಇದ್ರೆ ಗೊತ್ತಾಗ್ತಿತ್ತು, ಆ ವಿಮಾನದಲ್ಲಿ ಕೂಗೋ ಅಲಾರ್ಮ್ ಇರ್ಲಿಲ್ಲ.

ನಮ್ಮ ದೇಶದಲ್ಲಿ ಸಣ್ಣ ವಿಮಾನ ರಾತ್ರಿ ಹಾರಿಸ್ಲಿಕ್ಕೆ ಬಿಡ್ತಾರಾ?

ಕಣ್ಣಲ್ಲಿ ನೋಡಿ ಹಾರೋ ವಿಎಫ್‌ಆರ್ ಹಾರಾಟ ಸೂರ್ಯ ಮುಳುಗಿ 20 ನಿಮಿಷದ ಮೇಲೆ, ಸೂರ್ಯ ಹುಟ್ಟೋ 20 ನಿಮಿಷ ಮೊದಲಿನ ತನಕ ಇಲ್ಲ, ಲೋಕಲ್ ಮತ್ತೆ ಟ್ರೇನಿಂಗ್ ಹಾರಾಟಕ್ಕೆ ಎಟಿಸಿ, ಅಂದ್ರೆ ವಿಮಾನ ಸಂಚಾರ ನೋಡ್ಕೊಳ್ಳೋ ಕಂಟ್ರೋಲ್‌ನವರು, ವಿನಾಯ್ತಿ ಕೊಟ್ರೆ ಮಾತ್ರ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ರಾತ್ರಿನೂ ವಿಎಫ್‌ಆರ್ ಬಿಡ್ತಾರೆ, ಕೆನಡಿ ಹಾರಿದ್ದು ಹಾಗೇ. ನಮ್ಮ ರೂಲ್ಸ್ ಸ್ಟ್ರಿಕ್ಟ್ ಅಂತ ಗೊಣಗೋರು ಸುಮಾರು ಜನ ಇದ್ದಾರೆ, ಈ ಒಂದು ವಿಷಯದಲ್ಲಿ ನನಗೆ ನಮ್ಮದೇ ಸರಿ ಅನ್ನಿಸ್ತದೆ. 1932ರ ಅಕ್ಟೋಬರ್ 15ಕ್ಕೆ ಟಾಟಾ ಮೊದಲ ಟಪಾಲು ವಿಮಾನ ಶುರುವಾದಾಗ ಜೆಆರ್‌ಡಿ ಕರಾಚಿಯಿಂದ ಮುಂಬೈಗೆ ತಂದ್ರು, ಅಲ್ಲಿಂದ ನೆವಿಲ್ ವಿನ್ಸೆಂಟ್ ಮದ್ರಾಸಿಗೆ ತಗೊಂಡು ಹೋಗುವಾಗ ರಾತ್ರಿ ನಮ್ಮ ಬಳ್ಳಾರಿಯಲ್ಲಿ ತಂಗಿದ್ರು, ಬೆಳಗಾದ ಮೇಲೆ ಮುಂದೆ ಹೋದ್ರು. ಟಪಾಲು ಒಂದು ದಿನ ಲೇಟಾದ್ರೆ ಲೇಟು.

ಆಟೋಪೈಲಟ್ ಹಾಕಿ ಬಿಟ್ರೆ?

ಒಳ್ಳೇದು, ಉಪಯೋಗಿಸಿ. ಕೆನಡಿ ವಿಮಾನದಲ್ಲೂ ಇತ್ತು. ತಲೆ ತಿರುಗ್ಲಿಕ್ಕೆ ಶುರುವಾದ ಮೇಲೆ ಬಟನ್ ಹುಡುಕೋದಲ್ಲ, ದಡ ಬಿಡುವಾಗಲೇ ಹಾಕಿರ್ಬೇಕು.

ಸೀಪ್ಲೇನ್ ಬಂದ್ರೆ ಕಾಳಿ ನದಿಯಲ್ಲಿ ರಾತ್ರಿನೂ ಇಳೀಬಹುದಲ್ಲ?

ಇಲ್ಲ. ಮಾಲ್ಡೀವ್ಸಲ್ಲಿ ಅಷ್ಟೊಂದು ಸೀಪ್ಲೇನ್ ಇದ್ರೂ ಹಾರೋದು ಹಗಲು ಮಾತ್ರ, ರಾತ್ರಿ ಫ್ಲೈಟಲ್ಲಿ ಬಂದಿಳಿದ ಟೂರಿಸ್ಟು ಬೆಳಗಿನ ತನಕ ಕಾಯ್ಬೇಕು. ನೀರಿನ ಮೇಲೆ ಎತ್ತರ ಅಂದಾಜು ಆಗೋದಿಲ್ಲ, ತೇಲೋ ಮರದ ದಿಮ್ಮಿ, ಬಲೆ, ಪಾತಿ ದೋಣಿ ಕಾಣೋದಿಲ್ಲ.

ಪ್ಯಾರಾಮೋಟರ್ (ಇಂಜಿನ್ ಇರೋ ಪ್ಯಾರಾಚೂಟ್) ಆದ್ರೆ?

2020ರ ಅಕ್ಟೋಬರಲ್ಲಿ ಟ್ಯಾಗೋರ್ ಬೀಚಲ್ಲಿ ಹಗಲು ಹೊತ್ತೇ ಸಮುದ್ರಕ್ಕೆ ಬಿದ್ದು ನೌಕಾಪಡೆ ಅಧಿಕಾರಿಯೊಬ್ರು ಜೀವ ಕಳ್ಕೊಂಡ್ರು. ರಾತ್ರಿಯ ಮಾತೇ ಬೇಡ.

ಗೋವಾಕ್ಕೆ ರಾತ್ರಿ ಫ್ಲೈಟಲ್ಲಿ ಹೋಗೋರು ಹೆದರ್ಬೇಕಾ?

ಬೇಡ. ಅಲ್ಲಿ ಇಬ್ಬರು ಪೈಲಟ್, ಇಬ್ರೂ ಹೊರಗೆ ನೋಡದೇ ಇನ್‌ಸ್ಟ್ರುಮೆಂಟ್ ಮೇಲೇ ಹಾರಿ ಪಳಗಿದವರು, ಎರಡು ಇಂಜಿನ್, ನೀರಿಗೆ ಹತ್ರ ಆದ್ರೆ ಬಾಯ್ಬಿಟ್ಟು ಕೂಗೋ ಯಂತ್ರ, ನೆಲದಲ್ಲಿ ರಾಡಾರ್. ಕಿಟಕಿ ಸೀಟು ತಗೊಂಡು ಬೋಟ್ ಲೈಟು ನೋಡ್ತಾ ಹೋಗಿ.

ಮಗ ಪೈಲಟ್ ಆಗ್ತೇನೆ ಅಂತ ಹಠ ಹಿಡಿದಿದ್ದಾನೆ, ನಾವು ಎಂತ ಮಾಡ್ಬೇಕು?

ಆಗ್ಲಿ ಬಿಡಿ, ಒಳ್ಳೇ ಕೆಲಸ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಅದರಲ್ಲಿ ರಾತ್ರಿ 5 ಗಂಟೆ, ರಾತ್ರಿ 10 ಟೇಕಾಫ್ 10 ಲ್ಯಾಂಡಿಂಗ್. ಐದು ಗಂಟೆ ಅಂದ್ರೆ ಲೈಸೆನ್ಸ್ ಸಿಗ್ಲಿಕ್ಕೆ ಸಾಕು, ಸಮುದ್ರ ದಾಟ್ಲಿಕ್ಕೆ ಸಾಲದು. ಸ್ಕೂಲ್ ಸೇರಿಸೋ ಮೊದಲು ಹೋಗಿ ಹಾಸ್ಟೆಲ್ ಊಟ ಹೇಗೆ ಅಂತ ಕೇಳ್ತೀರಲ್ಲ, ಅದರ ಜೊತೆ ಇನ್ನೆರಡು ಕೇಳಿ. ಇನ್‌ಸ್ಟ್ರುಮೆಂಟ್ ಟ್ರೇನಿಂಗ್ ಎಷ್ಟು ಗಂಟೆ ನಿಜವಾದ ವಿಮಾನದಲ್ಲಿ, ಎಷ್ಟು ಸಿಮ್ಯುಲೇಟರಲ್ಲಿ? ಹವೆ ಸರಿ ಇಲ್ಲ, ಇವತ್ತು ಬೇಡ ಅಂತ ಹುಡುಗ ಹೇಳಿದ್ರೆ ಇನ್‌ಸ್ಟ್ರಕ್ಟರ್ ಎಂತ ಹೇಳ್ತಾರೆ? ಎರಡನೇದಕ್ಕೆ ಆಫೀಸಿನವರ ಉತ್ತರ ನಂಬಬೇಡಿ, ಹೊರಗೆ ಟೀ ಅಂಗಡಿಯಲ್ಲಿ ನಿಂತ ಸೀನಿಯರ್ ಹುಡುಗರ ಹತ್ರ ಕೇಳಿ.